ಕಾಕಾ ಎಳೆದ ಸುಣ್ಣದ ಗೆರೆ

ನಮ್ಮ ಕಾಕಾನನ್ನು ಗೃಹಪ್ರವೇಶಕ್ಕೆ ಕರೆಯುವುದೂ ಒಂದೇ, ಹೊಸ ಮನೆಗೆ ಶಾಪ ಹಾಕಿಸಿಕೊಳ್ಳುವುದೂ ಒಂದೇ! ಹಾಗೆಂದು ಕರೆಯದೆ ಬಿಟ್ಟರೆ ಉಳಿದೀರಾ? ಕರೆಯದಿದ್ದರೂ ಬರುತ್ತಾನೆ.

ಉಳಿದವರು ಗೋಡೆಗಡಿಯಾರ, ಸ್ಟೀಲಿನ ಡಬ್ಬಿ ತಂದರೆ ಇವನ ಚೀಲದಲ್ಲಿ ಸುಣ್ಣ ಮತ್ತು ಕುಂಚ. ಮೊದಲು ಹೊಸ್ತಿಲ ಮುಂದೆ ಒಂದು ತಂಬಿಗೆ ನೀರು ಸುರುವುತ್ತಾನೆ. ಕುಕ್ಕರಗಾಲಲ್ಲಿ ಕುಳಿತು, ಒಂದು ಕಣ್ಣು ಮುಚ್ಚಿ, ಅದು ಯಾವ ಕಡೆ ಹರಿಯುತ್ತದೆಂದು ನೋಡುತ್ತಾನೆ. ಆಮೇಲೆ ಎದ್ದು, ಇನ್ನೂ ಬಣ್ಣದ ವಾಸನೆ ಹೋಗದ ಗೋಡೆಗೆ ಅಡ್ಡಲಾಗಿ ಗೆರೆ ಎಳೆದು ಆಶೀರ್ವದಿಸುತ್ತಾನೆ: "ಹೊಳಿ ಬಂದ್ರ ಇಲ್ಲೀ ಮಟಾ ಬರತೈತಿ. ಸುಖವಾಗಿರ್ರಿ!"

ಹೊಳೆಯ ಅಪಾಯ ಅಳೆಯಲು ಸರಕಾರಕ್ಕೆ ಉಪಗ್ರಹ ಬೇಕು, ಕೆಂಪು-ಹಳದಿ ನಕಾಶೆ ಬೇಕು, ಚಹಾ-ಬಿಸ್ಕೀಟಿನ ಸಭೆ ಬೇಕು. ಕಾಕಾನಿಗೆ ತಂಬಿಗೆ ಸಾಕು. ಫಲ ಮಾತ್ರ ಒಂದೇ: ಇಬ್ಬರ ಮಾತನ್ನೂ ಯಾರೂ ಕೇಳುವುದಿಲ್ಲ!

ಈ ಹುಚ್ಚು ಹತ್ತಿದ್ದು ರಾಮದುರ್ಗದ ಅವನ ಮನೆಗೆ ಮಲಪ್ರಭೆ ಬಂದುಹೋದ ಮೇಲೆ. ಬೀಗರು ಕೂಡ ಒಂದು ಫೋನು ಮಾಡಿ ಬರುತ್ತಾರೆ. ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ನಡುರಾತ್ರಿ ಹೇಳದೆ ಕೇಳದೆ ಬಂತು. ಹಾಸಿಗೆ ತೊಯ್ದ ಮೇಲೆಯೇ ಕಾಕಾನಿಗೆ ಎಚ್ಚರ. ಕಾಳಿನ ಚೀಲ ಹೋಯಿತು, ಹಿತ್ತಲ ಗೋಡೆ ಹೋಯಿತು. ಅದಕ್ಕೆಲ್ಲ ಅವನ ದೂರಿಲ್ಲ. ದೂರು ಒಂದೇ: "ಒಬ್ಬರೂ ನನ್ನ ಎಬ್ಬಸಲಿಲ್ಲ ನೋಡು!"

ಸವದತ್ತಿಯಲ್ಲಿ ನನ್ನ ತಂಗಿಯ ಹೊಸ ಮನೆಗೆ ಗೆರೆ ಎಳೆದ. ಅವಳ ಅತ್ತೆ ಅದನ್ನು ಹೊಸ ನಮೂನೆಯ ಅಂಚು ಎಂದು ತಿಳಿದು, ಮೇಲೊಂದು ಸಾಲು ನವಿಲು ಬರೆದುಬಿಟ್ಟರು! "ಅಣ್ಣಾರ, ಆ ಗ್ವಾಡಿಗೂ ಒಂದು ಎಳೀರಿ. ಜೋಡಿ ಆಗತೈತಿ!"

ಕಿತ್ತೂರಿನ ಬೀಗರ ಮನೆ ಇರುವುದು ದಿಬ್ಬದ ಮೇಲೆ. ಅಲ್ಲಿಯೂ ಗೆರೆ! ಎಷ್ಟು ಮಳೆಗಾಲ ಕಳೆದರೂ ಅಲ್ಲಿಗೆ ಒಂದು ಬೊಗಸೆ ನೀರು ಬರಲಿಲ್ಲ. ಬೀಗರು ಕೆಣಕಿದರು: "ಎಲ್ಲೈತ್ರೀ ನಿಮ್ಮ ಹೊಳಿ?"

"ಗೆರಿ ನೋಡಿ ಅಂಜಿ ಹೊಳ್ಳಿ ಹೋತ್ರಿ," ಎಂದ ಕಾಕಾ. ಇವನನ್ನು ಸೋಲಿಸುವವರು ಯಾರು?

ಕಡೆಗೆ ನನ್ನ ಪಾಳಿ ಬಂತು. ಬೈಲಹೊಂಗಲ ಬೆಳೆಯುತ್ತಿದೆಯಲ್ಲ, ಊರ ಹೊರಗಿನ ಹಳ್ಳಕ್ಕೆ ಮಣ್ಣು ತುಂಬಿ, ಕಮಾನು ಕಟ್ಟಿ, 'ರಿವರ್ ವ್ಯೂ' ಎಂದು ಹೆಸರಿಟ್ಟಿದ್ದರು. ನದಿ ಎಲ್ಲಿದೆಯೆಂದು ಕೇಳದೆ ನಾನೂ ಅಲ್ಲಿ ಮನೆ ಕಟ್ಟಿದೆ. ಕಾಕಾ ಕಮಾನಿನ ಕೆಳಗೆ ನಿಂತು ನಕ್ಕ. "ನೀ ಹೊಳಿ ನೋಡೂದಲ್ಲೋ ತಮ್ಮಾ, ಹೊಳೀನ ನಿನ್ನ ನೋಡಾಕ ಬರತೈತಿ!"

ತಂಬಿಗೆ ಸುರುವಿದ. ನೀರು ಅಂಗಳಕ್ಕೆ ಇಳಿಯಲಿಲ್ಲ; ಆಮಂತ್ರಣ ಬಂದವರಂತೆ ಹೊಸ್ತಿಲ ಸಂದಿಯಿಂದ ನೆಟ್ಟಗೆ ಪಡಸಾಲೆಗೆ ನಡೆಯಿತು! ಕಾಕಾನ ನಗೆ ನಿಂತಿತು. ಬಂದವರೆಲ್ಲರ ಎದುರಿಗೇ ಎದೆಮಟ್ಟಕ್ಕೆ ಗೆರೆ ಎಳೆದ.

ನನ್ನ ಹೆಂಡತಿಯ ಕಣ್ಣಲ್ಲಿ ನೀರು. "ಶುಭ ಗಳಿಗ್ಯಾಗ ಇದೇನ್ರಿ ಅಪಶಕುನ? ಇನ್ನ ಈ ಮನಿ ಕಡೆ ಹಾಯಬ್ಯಾಡ್ರಿ!"

ಕಾಕಾ ಉಣ್ಣದೆ ಹೋದ. ನಾವು ಬಣ್ಣ ಬಳಿದೆವು. ಗೆರೆ ಬಣ್ಣದೊಳಗಿಂದ ಇಣುಕಿತು. ಮತ್ತೆ ಬಳಿದೆವು, ಮತ್ತೆ ಇಣುಕಿತು. ಸುಣ್ಣವೂ ಅವನ ಸ್ವಭಾವದ್ದೇ!

ಈ ಸಲ ಮಳೆ ಹಿಡಿದದ್ದು ಬಿಡಲಿಲ್ಲ. ಮುಚ್ಚಿದ ಹಳ್ಳ ತನ್ನ ಹಳೆಯ ದಾರಿ ಹುಡುಕುತ್ತ ಕಮಾನಿನವರೆಗೆ ಬಂದು ನಿಂತಿತು. ಅಂದು ಮಧ್ಯಾಹ್ನ ಬಾಗಿಲಲ್ಲಿ ಕಾಕಾ, ಮೈಯೆಲ್ಲ ತೊಯ್ದು. ಬಗಲಲ್ಲಿ ಹಾಸಿಗೆಯ ಸುರುಳಿ.

"ಮತ್ತ ಗೆರಿ ಎಳ್ಯಾಕ ಬಂದ್ರೇನು?" ಎಂದೆ.

ಚೀಲದಲ್ಲಿ ಸುಣ್ಣವಿರಲಿಲ್ಲ. ಅವನು ಪಡಸಾಲೆಯಲ್ಲಿ, ಹೊಸ್ತಿಲ ಪಕ್ಕದಲ್ಲೇ ನೆಲದ ಮೇಲೆ ಹಾಸಿಗೆ ಬಿಚ್ಚಿದ.

"ತೆಳಗ ಯಾಕ ಕಾಕಾ? ಒಳಗ ಮಂಚ ಐತಿ," ಎಂದಳು ಹೆಂಡತಿ, ಎಲ್ಲೋ ನೋಡುತ್ತ.

"ಮಂಚದ ಮ್ಯಾಲೆ ನೀವು ಮಲಗ್ರಿ, ಯವ್ವಾ. ಇಲ್ಲಿ ಮಲಗಿದ್ರ ನೀರು ಮೊದಲ ನನ್ನ ಬೆನ್ನಿಗೆ ಹತ್ತತೈತಿ," ಎಂದ ಕಾಕಾ, ದಿಂಬು ತಟ್ಟುತ್ತ. "ನಿಮ್ಮನ್ನ ಎಬ್ಬಸಾಕ ಯಾರರೆ ಬೇಕಲ್ಲ?"