ಅತ್ತೆ ಕೊಟ್ಟ ಹೆಪ್ಪು

ಹಲ್ವಾರ್‌ನಿಗೆ ಕೋಪವಿದ್ದದ್ದು ಬಿಯರಿನ ಮೇಲಲ್ಲ, ಹೆಂಡತಿಯ ತೋರುಬೆರಳಿನ ಮೇಲೆ. ಅವರ ವೊಸ್ ಊರಿನ ಕಡೆ ಕ್ರಿಸ್ಮಸ್ ಬಿಯರು ಮನೆಯಲ್ಲೇ ಆಗಬೇಕು. ಅವನ ಮನೆಯಲ್ಲಂತೂ ಮಾರ್ಗಿಟ್ ಕುದಿಸಿ ಆರಿಸಿದ ರಸಕ್ಕೆ ಬೆರಳದ್ದಿ, ‘ಆಗ ಕರೆದ ಹಾಲಿನಷ್ಟು ಬೆಚ್ಚಗಿದೆ’ ಎಂದ ಮೇಲೇ ಆಗಬೇಕು. ಆಮೇಲೆ ಅವಳಮ್ಮ ಕೊಟ್ಟ ಮರದ ಬಳೆ ಅಟ್ಟದಿಂದ ಇಳಿಯುತ್ತಿತ್ತು. ಮರದ ಚೂರುಗಳನ್ನು ಕೋದ ಬಳೆ. ಸಂದುಗಳಲ್ಲೆಲ್ಲ ಹೋದ ಸಲದ ಯೀಸ್ಟು ಕಂದು ಬಣ್ಣಕ್ಕೆ ಒಣಗಿ ಹಕ್ಕಳೆಗಟ್ಟಿರುತ್ತಿತ್ತು. ಅದೇ ಬಿಯರಿಗೆ ಹೆಪ್ಪು. ಬಳೆ ಮುಳುಗಿಸಿದ ಕೂಡಲೇ ಮನೆಮಂದಿ ಗಂಟಲು ಹರಿಯುವಂತೆ ಕೂಗಬೇಕು. ಕೂಗು ಜೋರಾದಷ್ಟೂ ಬಿಯರಿಗೆ ಬಲ. (ಹಲ್ವಾರ್‌ನಿಗೆ ಆ ಮನೆಯಲ್ಲಿ ದನಿ ಎತ್ತಲು ಅಪ್ಪಣೆ ಇದ್ದದ್ದು ವರ್ಷಕ್ಕೆ ಅದೊಂದೇ ಸಲ.)

ಈ ವರ್ಷ ಅವನು ಬಿಯರು ಮಾಡುವ ಥಳಥಳಿಸುವ ಉಕ್ಕಿನ ಯಂತ್ರ ತಂದ. ಗುಂಡಿ, ನಲ್ಲಿ, ಉಷ್ಣಮಾಪಕ, ಸರ್ವಾಲಂಕಾರಭೂಷಿತ.

“ಇದಕ್ಕೆ ಬೆರಳು ಬೇಡ, ಬುದ್ಧಿ ಸಾಕು.”

“ಹಾಗಾದ್ರೆ ಅದನ್ನೂ ಅಂಗಡಿಯಿಂದ್ಲೇ ತರಬೇಕಿತ್ತು,” ಎಂದಳು ಮಾರ್ಗಿಟ್. “ಪಾತ್ರೆ ಏನಾದ್ರೂ ಮಾಡ್ಕೋ ಮಾರಾಯ. ನಮ್ಮಮ್ಮನ ಹೆಪ್ಪಿನ ತಂಟೆಗೆ ಬಂದ್ಯೋ, ಓಲೌಗ್ ಮಾಡೋ ಕಲಗಚ್ಚು ಕುಡ್ಕೊಂಡು ಅಲ್ಲೇ ಬಿದ್ದಿರು.”

ಪಕ್ಕದ ಮನೆಯ ಓಲೌಗ್‌ಳ ಬಿಯರಿಗೆ ಮಾರ್ಗಿಟ್ ಇಟ್ಟಿದ್ದ ಹೆಸರೇ ಕಲಗಚ್ಚು. ಆದರೂ ಪ್ರತಿ ವರ್ಷ ಹಬ್ಬ ಮುಗಿದ ಮೇಲೆ, ‘ಪಾಪ, ಸೊಂಟ ನೋವಿನ ಹೆಂಗಸು’ ಎಂದು ತಾನೇ ಹೋಗಿ ಅವಳ ಪೀಪಾಯಿಗಳನ್ನು ಉಜ್ಜಿಕೊಟ್ಟು ಬರುತ್ತಿದ್ದಳು. ನನ್ನ ಹೆಂಡತಿ ಎಂಥ ಕರುಣಾಮಯಿ ಎಂದು ಹಲ್ವಾರ್ ಊರೆಲ್ಲ ಹೇಳಿಕೊಂಡಿದ್ದ.

ಮಾರ್ಗಿಟ್ ತಂಗಿಯ ಮನೆಗೆ ಹೋದಾಗ ಅವನು ಸಿದ್ಧತೆಗೆ ಕೂತ. ಬಿಯರಿಗೆ ತಾಗುವ ಸಕಲ ಪರಿಕರಗಳನ್ನೂ ಕುದಿಸಿ ಶುದ್ಧಿ ಮಾಡಬೇಕೆಂದು ಅಂಗಡಿಯವನು ಹೇಳಿದ್ದ. ಹಲ್ವಾರ್ ಸೌಟು ಕುದಿಸಿದ, ನಲ್ಲಿ ಕುದಿಸಿದ, ಕೊಳವೆ ಕುದಿಸಿದ. ಬಳೆಯೂ ತಾಗುತ್ತದಲ್ಲ? ಅದನ್ನೂ ಕುದಿಸಿ, ಬ್ರಷ್ಷು ಹಾಕಿ ತಿಕ್ಕಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಬಳೆ ಹಲ್ಲಿನಂತೆ ಬೆಳ್ಳಗಿತ್ತು. ಆಗ ಹೊಳೆಯಿತು. ಅವನು ಚರಂಡಿಗೆ ಬಿಟ್ಟದ್ದು ಕೊಳೆಯನ್ನಲ್ಲ, ಅತ್ತೆಯನ್ನು.

ಬಳೆಯನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡು ಓಲೌಗ್ ಮನೆಗೆ ಓಡಿದ.

“ಒಂಚೂರು ಹೆಪ್ಪು ಕೊಡು ಓಲೌಗ್. ಮಾರ್ಗಿಟ್‌ಗೆ ಗೊತ್ತಾದ್ರೆ ನನ್ನನ್ನೂ ಕುದಿಸ್ತಾಳೆ.”

ಓಲೌಗ್ ಬಳೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ನಗಲಿಲ್ಲ. ತನ್ನ ಹೆಪ್ಪಿನ ಜಾಡಿಯಲ್ಲಿ ಅದ್ದಿ, ಒಲೆಯಿಂದ ದೂರದಲ್ಲಿ ತೂಗುಹಾಕಿದಳು.

“ಕಲಗಚ್ಚಿಂದು. ಆಗಬಹುದಾ?”

“ಆಗಬಹುದು.”

“ಹಬ್ಬ ಆದ್ಮೇಲೆ ಬಂದು ಪೀಪಾಯಿ ಉಜ್ಜಿಕೊಡು. ಬಿಸಿನೀರಿಗೆ ಆ ನಿನ್ನ ಯಂತ್ರಾನೂ ತಗೊಂಡ್ಬಾ.”

ಬಳೆ ಒಣಗಿ ಮತ್ತೆ ಅಟ್ಟ ಸೇರಿದ ಮೇಲೆ ಮಾರ್ಗಿಟ್ ಬಂದಳು, ಯಂತ್ರದೊಳಗೂ ಬೆರಳದ್ದಿದಳು, ಬಳೆ ಮುಳುಗಿಸಿದಳು. ಹಲ್ವಾರ್ ಹೆದರಿ ಕೂಗಿದ ಕೂಗಿಗೆ ಕೊಟ್ಟಿಗೆಯ ಕುರಿಗಳೆಲ್ಲ ಎದ್ದು ನಿಂತವು. ಬಿಯರು ಉಕ್ಕಿ ಬಂತು. ಪೀಪಾಯಿಗೆ ತುಂಬುವ ದಿನ ನೆರೆಹೊರೆಯವರು ರುಚಿ ನೋಡಲು ಸೇರಿದರು.

“ಉಕ್ಕಿನ ಡಬ್ಬದಲ್ಲಿ ಮಾಡಿದ್ರೂ ನಮ್ಮಮ್ಮನ ಕೈರುಚಿ ಹೋಗಿಲ್ಲ ನೋಡಿ,” ಎಂದಳು ಮಾರ್ಗಿಟ್. “ಓಲೌಗ್, ನಿಂದಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಾಯ್ತಾ?”

“ಇದು ಸ್ವಲ್ಪ ಕಹಿ,” ಎಂದಳು ಓಲೌಗ್, ಹಲ್ವಾರ್‌ನನ್ನು ನೋಡುತ್ತ.

ಹಬ್ಬ ಮುಗಿಯಿತು. ಸೌದೆಗೆ ಹೋಗುತ್ತೇನೆಂದು ಹೇಳಿ ಹಲ್ವಾರ್, ಯಂತ್ರದ ಮೇಲೆ ಗೋಣಿ ಮುಚ್ಚಿ ಎಳೆದುಕೊಂಡು ಓಲೌಗ್‌ಳ ಅಂಗಳಕ್ಕೆ ಹೋದ. ಅಲ್ಲಿ ಯಾರೋ ಪೀಪಾಯಿಯೊಳಗೆ ಸೊಂಟದವರೆಗೂ ತೂರಿ ಉಜ್ಜುತ್ತಿದ್ದರು. ಹೊರಬಂದ ತಲೆ ಮಾರ್ಗಿಟ್‌ಳದು.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

“ನಿನ್ನ ಹೆಂಡ್ತಿ ಬಳೇನ ಒಲೆ ಮೇಲೆ ಒಣಗಿಸೋಕೆ ಹೋಗಿ ಅವರಮ್ಮನ ಹೆಪ್ಪು ಸುಟ್ಟು ಎಷ್ಟೋ ವರ್ಷ ಆಯ್ತಯ್ಯ,” ಎಂದಳು ಓಲೌಗ್, ಮೆಟ್ಟಿಲ ಮೇಲೆ ಕೂತು. “ನನ್ನ ಹೆಪ್ಪು ತಗೊಂಡು ಹೋದ ದಿನದಿಂದ್ಲೇ ನನ್ನ ಬಿಯರು ಕಲಗಚ್ಚಾಗಿದ್ದು. ಈಗ ನೀನು ಅದನ್ನೇ ಕುದಿಸಿ ಬಂದೆ.”

ಹಲ್ವಾರ್‌ನ ಎದೆ ಹಿಗ್ಗಿತು. ಮದುವೆಯಾದ ಮೇಲೆ ಮೊದಲ ಸಲ ಇಬ್ಬರೂ ಸಮಸಮ.

“ಅಂದ್ರೆ ನಾನು ಕುದಿಸಿದ್ದು ನಿಮ್ಮಮ್ಮನ ಹೆಪ್ಪೇ ಅಲ್ಲ.”

“ಅಲ್ವಲ್ಲ,” ಎಂದಳು ಮಾರ್ಗಿಟ್. “ನಾನು ಸುಟ್ಟಿದ್ದು ನಮ್ಮ ಮನೇದು. ನೀನು ಕುದಿಸಿದ್ದು ಓಲೌಗ್ ಮನೇದು. ಪರರ ಸೊತ್ತು.”

ತನ್ನ ಬ್ರಷ್ಷನ್ನೂ ಅವನ ಕೈಗಿಟ್ಟು, ಓಲೌಗ್‌ಳ ಪಕ್ಕದಲ್ಲಿ ಹೋಗಿ ಕೂತಳು. ಓಲೌಗ್ ಅವಳಿಗೊಂದು ಲೋಟ ಕಲಗಚ್ಚು ಬಗ್ಗಿಸಿಕೊಟ್ಟಳು.

ಹಲ್ವಾರ್ ಪೀಪಾಯಿಯೊಳಗೆ ತಲೆ ತೂರಿಸಿದ. ಯಂತ್ರ ಮಾತ್ರ ನೀರನ್ನು ಬಹಳ ಚೆನ್ನಾಗಿ ಕಾಯಿಸಿತು.