ಮೂರನೆಯ ಸಲವೂ ಕೇಳತಕ್ಕದ್ದು

ಟ್ಯಾಮರಾಕ್ ಕೆರೆ ಶಾಲಾ ಜಿಲ್ಲೆ, ಮಿನ್ನೆಸೋಟಾ
ವಿಶೇಷ ಶಿಕ್ಷಣ ಅರ್ಹತಾ ವಿಭಾಗ

ಸಂಖ್ಯೆ: ವಿಶಿಅ/ಪರವಾಗಿಲ್ಲ/03
ದಿನಾಂಕ: ಮಾರ್ಚ್ 14

ವಿಷಯ: ವಿಶೇಷ ಶಿಕ್ಷಣಕ್ಕೆ ಮಕ್ಕಳ ಅರ್ಹತೆ ನಿರ್ಧರಿಸುವಾಗ ಪೋಷಕರ ‘ಬೇಡ’ವನ್ನು ಎಣಿಸುವ ಕ್ರಮದ ಬಗ್ಗೆ.

ಉಲ್ಲೇಖ: 1) ಮೂರನೆಯ ತರಗತಿಯ ಟಿಲ್ಡಾ ಬ್ರೆಕ್ಕೆ, ಇವಳ ಮುಚ್ಚಿದ ಕಡತ.
2) ಸದರಿ ಕಡತ ಮುಚ್ಚಿದ ಅಧಿಕಾರಿಯ ಪತ್ನಿಯವರ ಮೌಖಿಕ ಟಿಪ್ಪಣಿ.

ನಿಯಮದಂತೆ, ಮಗುವಿಗೆ ಗುರುತಿಸಬಹುದಾದ ತೊಂದರೆಯಿರಬೇಕು, ಅದು ಕಲಿಕೆಗೆ ಅಡ್ಡಿಯಾಗಿರಬೇಕು ಮತ್ತು ಇವೆರಡನ್ನೂ ಪರೀಕ್ಷಿಸಲು ಪೋಷಕರು ಲಿಖಿತ ಒಪ್ಪಿಗೆ ಕೊಟ್ಟಿರಬೇಕು. ಈ ಜನವರಿಯವರೆಗಿನ ಮೂರು ವರ್ಷಗಳಲ್ಲಿ ಈ ಜಿಲ್ಲೆಯ ಒಂದು ಮಗುವೂ ಅರ್ಹವಾಗಿರಲಿಲ್ಲ. ಇದಕ್ಕಾಗಿ ಮೇಲಿನ ಕಚೇರಿಯಿಂದ ಅಭಿನಂದನಾ ಪತ್ರ ಬಂದಿದ್ದು, ಅದನ್ನು ಚೌಕಟ್ಟು ಹಾಕಿಸಿ ತೂಗುಹಾಕಲಾಗಿದೆ.

ಟಿಲ್ಡಾಗೆ ಎಂಟು ವರ್ಷ. ಅಕ್ಷರಗಳು ಅವಳ ಕಣ್ಣಿಗೆ ನಿಲ್ಲುವುದಿಲ್ಲವೆಂದು ತರಗತಿ ಶಿಕ್ಷಕಿ ಕಳೆದ ವರ್ಷವೇ ಬರೆದುಕೊಟ್ಟಿದ್ದರು. ಪರೀಕ್ಷೆ ಮಾಡಿಸೋಣವೇ ಎಂದು ಈ ಕೆಳಗೆ ಸಹಿ ಮಾಡಿರುವ ಅಧಿಕಾರಿಯವರು (ಇನ್ನು ಮುಂದೆ ‘ಅಧೋಸಹಿಯವರು’) ಕೇಳಿದಾಗ ತಾಯಿ ಕ್ರಿಸ್ಟಾ ಬ್ರೆಕ್ಕೆಯವರು, “ಅಯ್ಯೋ, ನೀವ್ಯಾಕೆ ತೊಂದ್ರೆ ತಗೋತೀರಾ? ನಿಜವಾಗ್ಲೂ ಬೇಕಾಗಿರೋ ಮಕ್ಕಳಿರ್ತಾರೆ, ಅವರಿಗೆ ಮಾಡಿ” ಎಂದಿರುತ್ತಾರೆ. ಎರಡನೆಯ ಸಲ ಕೇಳಿದಾಗ, “ಬೇಡಪ್ಪ, ಹೇಗೋ ನಡೀತಿದೆ” ಎಂದಿರುತ್ತಾರೆ. ತೊಂದರೆಯ ತೀವ್ರತೆ ಕೇಳುವ ಅಂಕಣದಲ್ಲಿ ತಂದೆಯವರು “ಇನ್ನೂ ಕೆಟ್ಟದಾಗಿರಬಹುದಿತ್ತು” ಎಂದು ಬರೆದಿರುತ್ತಾರೆ. ‘ಪೋಷಕರ ನಿರಾಕರಣೆ’ ಎಂದು ಷರಾ ಬರೆದು ಕಡತವನ್ನು ಮುಚ್ಚಲಾಯಿತು.

ಈ ಸಂಗತಿಯನ್ನು ಊಟದ ಮೇಜಿನಲ್ಲಿ ಮಂಡಿಸಿದಾಗ ಉಲ್ಲೇಖ (2)ರ ಟಿಪ್ಪಣಿ ಹೊರಬಿತ್ತು: “ಹೌದಾ? ನಮ್ಮಪ್ಪನ ಮನೆಗೆ ಮೊದಲ ಸಲ ಬಂದಾಗ ಕಾಫಿ ಬೇಡ ಅಂತ ಎರಡು ಸಲ ಅಂದು, ಆಮೇಲೆ ಮೂರು ಲೋಟ ಕುಡಿದೋರು ಯಾರ್ರೀ? ಆ ಮಗು ತಾಯೀನ ಮೂರನೇ ಸಲ ಕೇಳಿದ್ರಾ?”

ಕೇಳಿರಲಿಲ್ಲ. ನಮೂನೆಯಲ್ಲಿ ಮೂರನೆಯ ಸಲಕ್ಕೆ ಜಾಗವಿರಲಿಲ್ಲ. ಅಳದ ಮಗುವಿಗೆ ತಾಯಿಯೂ ಹಾಲು ಕೊಡಳು ಎನ್ನುತ್ತಾರೆ. ಇದು ಅಳುವುದನ್ನೇ ಅಸಭ್ಯವೆಂದು ತಿಳಿದ ಊರು. ಆದುದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ನೆರವು ಬೇಕೇ ಎಂದು ಪೋಷಕರನ್ನು ಮೂರು ಸಲ ಕೇಳತಕ್ಕದ್ದು. ಮೊದಲ ‘ಬೇಡ’ವನ್ನು ನಮಸ್ಕಾರವೆಂದೂ ಎರಡನೆಯದನ್ನು ಕುಶಲ ಪ್ರಶ್ನೆಯೆಂದೂ ಪರಿಗಣಿಸುವುದು. ಅಲ್ಲಿಯವರೆಗೆ ಪೆನ್ನಿನ ಮುಚ್ಚಳ ತೆಗೆಯುವುದನ್ನು ನಿಷೇಧಿಸಲಾಗಿದೆ.

2. “ಪರವಾಗಿಲ್ಲ” ಎಂದರೆ ಪರೀಕ್ಷೆ ಅಗತ್ಯ. “ಇನ್ನೂ ಕೆಟ್ಟದಾಗಿರಬಹುದಿತ್ತು” ಎಂದರೆ ತುರ್ತು. “ತುಂಬಾ ಚೆನ್ನಾಗಿದ್ದಾಳೆ” ಎಂದರೆ ಸಿಬ್ಬಂದಿಯು ಕೈಯಲ್ಲಿದ್ದ ಕೆಲಸ ಬಿಟ್ಟು ಆ ಮನೆಗೆ ಓಡತಕ್ಕದ್ದು.

3. ಪೋಷಕರು ಸಭೆಗೆ ತರುವ, ಹಾಟ್‌ಡಿಶ್ ಎಂಬ ಮಾಂಸ-ಆಲೂಗಡ್ಡೆಯ ಬೇಯಿಸಿದ ತಿನಿಸಿನ ಕೊನೆಯ ತುಂಡನ್ನು ಸಂಕೋಚದಿಂದ ಯಾರೂ ಪೂರ್ತಿ ತೆಗೆದುಕೊಳ್ಳದೆ, ಅರ್ಧ ಕತ್ತರಿಸಿ, ಆ ಅರ್ಧವನ್ನು ಮತ್ತೆ ಅರ್ಧ ಮಾಡುತ್ತಾ ಹೋಗುವುದರಿಂದ ಸಭೆಗಳು ಮುಗಿಯುತ್ತಿಲ್ಲ. ನವೆಂಬರ್ ಸಭೆಯ ತುಂಡು ಈಗ ಬಟಾಣಿಯಷ್ಟಿದ್ದು, ಸಭೆ ತಾಂತ್ರಿಕವಾಗಿ ಇನ್ನೂ ಮುಂದುವರಿದಿದೆ. ಇನ್ನು ಮುಂದೆ ಕೊನೆಯ ತುಂಡನ್ನು ನುಂಗುವ ಶಾಸನಬದ್ಧ ಅಧಿಕಾರವನ್ನು ಶಾಲಾ ಮನಶ್ಶಾಸ್ತ್ರಜ್ಞರಿಗೆ ನೀಡಲಾಗಿದೆ.

4. ಇಲ್ಲಿನ ಜನ ಮುಖ್ಯವಾದ ಮಾತನ್ನು ಹೊರಡುವಾಗಲೇ ಆಡುವುದರಿಂದ, ಸಭೆಯನ್ನು ಪೀಠಿಕೆಯೆಂದು ತಿಳಿಯುವುದು. ಯಾರಾದರೂ ಹೊರಡಲೆಂದು ತೊಡೆಯ ಮೇಲೆ ಮೆಲ್ಲಗೆ ಕೈ ಬಡಿದು “ಸರಿ ಹಾಗಾದ್ರೆ” ಎಂದ ಕ್ಷಣದಿಂದ ನಡಾವಳಿ ಆರಂಭವಾಗುತ್ತದೆ. ಬಾಗಿಲು, ಮೆಟ್ಟಿಲು, ಟ್ರಕ್ಕಿನ ಕಿಟಕಿ ಎಂಬ ಮೂರು ಹಂತಗಳಲ್ಲಿ ಮುಂದುವರಿಯುತ್ತದೆ. ಸದಸ್ಯರು ಕೋಟು ತೊಟ್ಟೇ ಕೂರತಕ್ಕದ್ದು. ಶೂನ್ಯಕ್ಕಿಂತ ಇಪ್ಪತ್ತು ಡಿಗ್ರಿ ಕೆಳಗೆ ಶಾಯಿ ಹೆಪ್ಪುಗಟ್ಟುವುದರಿಂದ ಪೆನ್ಸಿಲ್ ಸಹಿಗೆ ಮಾನ್ಯತೆ ಇದೆ.

5. ಮೂರನೆಯ ಸಲ ಕೇಳಲು ಅಧಿಕಾರಿಗೇ ಸಂಕೋಚವಾದಲ್ಲಿ, ಮುಖಕ್ಕೆ ಹೊಡೆದಂತೆ ಮಾತಾಡುವವರ ನಾಡಾದ ನ್ಯೂಜೆರ್ಸಿಯಿಂದ ಬಂದಿರುವ ವ್ಯಾಯಾಮ ಶಿಕ್ಷಕಿಯನ್ನು ಎರವಲು ಪಡೆಯುವುದು. ಅವರಿಗೆ ಮೊದಲ ಸಲಕ್ಕೇ ಉತ್ತರ ಸಿಗುತ್ತದೆ. ಆಮೇಲೆ ಊರೆಲ್ಲ ಅಲೆದು ಕ್ಷಮೆ ಕೇಳುವ ಹೊಣೆ ಕಚೇರಿಯದು.

ಅನುಪಾಲನಾ ವರದಿ: ಈ ಆದೇಶಕ್ಕೆ ಮುಂಚೆಯೇ, ಜನವರಿ 16ರಂದು, ಮೇಲಿನ ನಿಯಮಗಳನ್ನು ಬ್ರೆಕ್ಕೆ ದಂಪತಿಯೊಂದಿಗಿನ ಸಭೆಯಲ್ಲಿ ಪ್ರಾಯೋಗಿಕವಾಗಿ ಜಾರಿಗೊಳಿಸಲಾಯಿತು. ಸಭೆಯಲ್ಲಿ ಹಿಮದ ಬಗ್ಗೆ ನಲವತ್ತು ನಿಮಿಷ ಚರ್ಚೆಯಾಯಿತು. ಬಾಗಿಲಲ್ಲಿ ಮೀನಿನ ಬಗ್ಗೆ. ಮೆಟ್ಟಿಲ ಮೇಲೆ ಅಧೋಸಹಿಯವರ ಮೊಣಕಾಲಿನ ಬಗ್ಗೆ. ಟ್ರಕ್ಕಿನ ಕಿಟಕಿ ನಾಲ್ಕು ಬೆರಳಷ್ಟು ಇಳಿದಾಗ ಅಧೋಸಹಿಯವರು ಮೂರನೆಯ ಸಲ ಕೇಳಿದರು. ಕ್ರಿಸ್ಟಾ ಬ್ರೆಕ್ಕೆಯವರು ಸ್ಟಿಯರಿಂಗ್ ಬಿಡದೆ ಮುಂದೆ ನೋಡುತ್ತಾ ಹೀಗೆಂದರು: “ಅವಳಿಗೆ ಓದೋಕೆ ಬರಲ್ಲ, ವರ್ನರ್. ಅಂಗಡೀಲಿ ಡಬ್ಬಿ ಮೇಲಿನ ಚಿತ್ರ ನೋಡಿ ಸಾಮಾನು ತರ್ತಾಳೆ. ಚಿತ್ರ ಇಲ್ಲದ ಡಬ್ಬಿ ಇದ್ರೆ, ನೆನಪಾಗ್ಲಿಲ್ಲ ಅಂತ ಸುಳ್ಳು ಹೇಳ್ತಾಳೆ. ನಾನೂ ಹೌದೇನೋ ಅಂತೀನಿ.”

ಇದು ಈ ಜಿಲ್ಲೆಯಲ್ಲಿ ದಾಖಲಾದ ಮೊದಲ ದೂರು. ಒಪ್ಪಿಗೆಗೆ ಪೆನ್ಸಿಲಿನಲ್ಲಿ ಸಹಿಯಾಯಿತು. ಪರೀಕ್ಷೆ ಮುಗಿದು ಟಿಲ್ಡಾ ಅರ್ಹಳೆಂದು ತೀರ್ಮಾನವಾಗಿದ್ದು, ಸೋಮವಾರದಿಂದ ಪ್ರತಿದಿನ ಬೆಳಿಗ್ಗೆ ನಲವತ್ತು ನಿಮಿಷ ಓದಿನ ಶಿಕ್ಷಕಿ ಅವಳೊಬ್ಬಳಿಗೇ ಮೀಸಲು. ಒಂದು ವರ್ಷ ತಡವಾಗಿದೆ. ಅಧೋಸಹಿಯವರಿಗೆ ನಾಚಿಕೆಯಾಗಿದೆ ಎಂದು ಈ ಮೂಲಕ ದಾಖಲಿಸಲಾಗಿದೆ.

ಸಹಿ/-
(ವರ್ನರ್ ಸ್ಕೂಗ್)
ಅರ್ಹತಾ ಅಧಿಕಾರಿ

ಪ್ರತಿಗಳು:
1. ಎಲ್ಲ ಮುಖ್ಯೋಪಾಧ್ಯಾಯರಿಗೆ, ಮೂರು ಮೂರು ಪ್ರತಿ, ಮೊದಲೆರಡನ್ನು ಬೇಡವೆನ್ನಬಹುದು.
2. ಶಾಲಾ ಮನಶ್ಶಾಸ್ತ್ರಜ್ಞರಿಗೆ, ಒಂದು ಫೋರ್ಕ್ ಸಹಿತ.
3. ಲೂಥರನ್ ಚರ್ಚಿನ ಅಡುಗೆಮನೆಗೆ, ಹಾಟ್‌ಡಿಶ್ ತರಲು ಎರವಲು ಪಡೆದಿದ್ದ ಎಂಟು ಖಾಲಿ ಪಾತ್ರೆಗಳೊಂದಿಗೆ.
4. ಕುಮಾರಿ ಟಿಲ್ಡಾ ಬ್ರೆಕ್ಕೆಗೆ, ದೊಡ್ಡ ಅಕ್ಷರಗಳಲ್ಲಿ. ಬೇರೆ ಯಾರೂ ಇದನ್ನು ಅವಳಿಗೆ ಓದಿ ಹೇಳಕೂಡದು. ಅವಳು ತಾನೇ ಓದಿ ಮುಗಿಸುವವರೆಗೆ ಕಚೇರಿ ಕಾಯುತ್ತದೆ, ಗಡುವು ಇರುವುದಿಲ್ಲ.