ನಾಲ್ಕು ಭುಜದ ಮಾಳಸಿದ್ದ

ನನ್ನ ಬಲಗಣ್ಣಿನಲ್ಲಿ ಖಾಯಂ ವಾಸ್ತವ್ಯ ಹೂಡಿರುವ ಮಾನ್ಯ ಫಾರಿನ್ ಲೆನ್ಸ್ ಮಹಾಶಯರೇ,

ಅಕ್ಕೋಳದ ಕುಸ್ತಿ ಪಂಚ ಬಾಪುಸಾಹೇಬನ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾನು, ನನ್ನ ಹೆಂಡತಿ ಪದ್ಮವ್ವ ಮತ್ತು ನಮ್ಮ ಎಮ್ಮೆ ಕ್ಷೇಮ. ತಮ್ಮ ಕ್ಷೇಮವನ್ನೂ ವಿಚಾರಿಸುವುದು ಪದ್ಧತಿಯೇ ಆದರೂ, ಹೊತ್ತು ಹೊತ್ತಿಗೆ ಹನಿ ಹಾಕಿಸಿಕೊಂಡು, ಧೂಳು ತಾಗದೆ, ಒಲೆಯ ಹೊಗೆ ಸೋಕದೆ, ಕರಿ ಕನ್ನಡಕದ ನೆರಳಿನಲ್ಲಿ ಅಳಿಯನಿಗೂ ಸಿಗದ ಉಪಚಾರ ಪಡೆಯುತ್ತಿರುವ ತಾವು ಕ್ಷೇಮವಾಗಿರದೆ ಇನ್ನೇನಾಗಿರಲು ಸಾಧ್ಯ ಎಂದು ಆ ಮಾತನ್ನು ಬಿಟ್ಟಿದ್ದೇನೆ.

ತಮ್ಮನ್ನು ನಾನೇ ಬೇಡಿ ಕರೆತಂದೆ ಎಂಬುದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. ಪೊರೆ ತೆಗೆದು ಸಾದಾ ಲೆನ್ಸ್ ಕೂರಿಸಿ, ಮೇಲೊಂದು ಚಾಳೀಸು ಕೊಡುತ್ತೇವೆಂದು ಆಸ್ಪತ್ರೆಯವರು ಹೇಳಿದ್ದರು. ಆದರೆ ಪಂಚನಾದವನು ಪೈಲ್ವಾನನ ಎರಡೂ ಭುಜಗಳು ನೆಲಕ್ಕೆ ಹತ್ತಿದವೋ ಇಲ್ಲವೋ ಎಂದು ನೋಡಲು ಕಣದ ಕೆಂಪು ಮಣ್ಣಿಗೆ ಕೆನ್ನೆ ಹಚ್ಚಿ ಮಲಗಬೇಕಾಗುತ್ತದೆ, ಭುಜಕ್ಕೂ ಮಣ್ಣಿಗೂ ನಡುವೆ ಒಂದು ಗೆರೆಯಷ್ಟು ಬೆಳಕು ಕಂಡರೂ 'ಚಿತ್' ಎಂದು ಸೋಲು ಸಾರುವಂತಿಲ್ಲ, ಚಾಳೀಸು ಹಾಕಿಕೊಂಡು ಮಲಗಿದರೆ ಅದು ಯಾವನಾದರೂ ಪೈಲ್ವಾನನ ಮೊಣಕಾಲಿನ ಕೆಳಗೆ ಪುಡಿಯಾಗುವುದು ಖಂಡಿತ. ಆದ್ದರಿಂದ ಚಾಳೀಸಿನ ಹಂಗಿಲ್ಲದೆ ದೂರದ್ದನ್ನೂ ಹತ್ತಿರದ್ದನ್ನೂ ತೋರಿಸುವವರೇ ಬೇಕೆಂದು ನಾನು ಹಟ ಹಿಡಿದೆ, ಅವರು ತಮ್ಮ ಹೆಸರು ಹೇಳಿದರು. ಗಿಡುಗನ ಕಣ್ಣಾಗುತ್ತದೆ ಎಂದೂ ಹೇಳಿದರು. ಇದು 2014ರ ದೀಪಾವಳಿ ಮುಗಿದ ಮೇಲಿನ ಮಾತು.

ತಾವು ಬಂದ ಮೇಲೆ ನನ್ನ ಬದುಕಿನಲ್ಲಿ ಬೆಳಕಿಗೆ ಕೊರತೆಯಾಗಿಲ್ಲ. ಹೊತ್ತು ಮುಳುಗಿ ದೀಪ ಹತ್ತಿದರೆ ಸಾಕು, ಅಕ್ಕೋಳದಲ್ಲಿ ದೀಪದ ಮುಂದೆ ನಿಂತವರೆಲ್ಲರ ತಲೆಯ ಸುತ್ತ ದೇವರಿಗಿರುವಂಥ ಪ್ರಭಾವಳಿ ಮೂಡುತ್ತದೆ. ಬೀದಿದೀಪದ ಬಲ್ಬು ನುಂಗಿ ನೀರು ಕುಡಿದ ನಮ್ಮ ಪಂಚಾಯ್ತಿ ಮೆಂಬರ, ಉಳಿದಿರುವ ಒಂದೇ ಒಂದು ಬಲ್ಬಿನ ಕೆಳಗೆ ಗುಟ್ಕಾ ಜಗಿಯುತ್ತ ನಿಂತಿದ್ದಾಗ, ಯಾರೋ ಸತ್ಪುರುಷರು ಬಂದಿದ್ದಾರೆಂದು ಭಾವಿಸಿ ನಾನು ಕೈಮುಗಿದುಬಿಟ್ಟೆ. ಸಂಕಷ್ಟಿಯ ದಿನ ಚಂದ್ರನನ್ನು ನೋಡಿ ಉಪವಾಸ ಬಿಡಬೇಕೆಂದು ಅಂಗಳಕ್ಕೆ ಬಂದರೆ ಪದ್ಮವ್ವನಿಗೆ ಒಬ್ಬ ಚಂದ್ರ, ನನಗೆ ಇಬ್ಬರು. ಎರಡು ಸಲ ಊಟ ಮಾಡಬಹುದೇ ಎಂದು ಅವಳನ್ನು ಕೇಳಿದೆ, ಅವಳು ನನ್ನ ಮುಂದೆ ಒಂದೇ ತಾಟು ಇಟ್ಟಳು.

ಈ ಔದಾರ್ಯವನ್ನು ಕಡಿಮೆ ಮಾಡಿಸಿಕೊಳ್ಳಲು ಆಸ್ಪತ್ರೆಗೆ ಹೋದಾಗ ಡಾಕ್ಟರ ಸಾಹೇಬರು ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದರು. ಹಾಡುಹಗಲು, ತಂಪಾದ ಕೋಣೆ, ಕಪ್ಪು ಅಕ್ಷರ, ಬಿಳಿ ಹಲಗೆ, ಎಲ್ಲವನ್ನೂ ಓದಿದೆ. ಅವರು ನನ್ನ ಬೆನ್ನು ತಟ್ಟಿ ಹೇಳಿದರು: "ನಿಮ್ಮ ಆಪರೇಶನ್ ಏಕದಂ ಸಕ್ಸೆಸ್ ಆಗೇತ್ರಿ ಪೈಲ್ವಾನರ. ಲೆನ್ಸ್ ಬರೋಬರಿ ಕುಂತೇತಿ. ನಿಮ್ಮ ಮೆದುಳು ಇನ್ನೂ ಹೊಂದಿಕೊಂಡಿಲ್ಲ ನೋಡ್ರಿ, ಅಷ್ಟ." ಕುಣಿಯಲಾರದವಳು ನೆಲ ಡೊಂಕೆಂದದ್ದನ್ನು ಕೇಳಿದ್ದೆ. ಸರಿಯಾಗಿ ತೋರಿಸಲಾರದ ತಾವು ಡಾಕ್ಟರರ ಬಾಯಿಂದ ನನ್ನ ಮೆದುಳು ಡೊಂಕೆನ್ನಿಸಿದಿರಿ. ಪೈಲ್ವಾನನ ಮೆದುಳು ಮೊಣಕಾಲಿನಲ್ಲಿರುತ್ತದೆ ಎಂದು ನಮ್ಮ ಕಡೆಯ ಜನ ಆಡಿಕೊಳ್ಳುವುದುಂಟು, ಅಲ್ಲಿಯವರೆಗೆ ಇಳಿದು ಹೋಗಿ ಪರಿಚಯ ಮಾಡಿಕೊಳ್ಳುವ ಸೌಜನ್ಯವನ್ನಾದರೂ ತಾವು ತೋರಿಸಬಹುದಿತ್ತು.

ಇಷ್ಟೇ ಆಗಿದ್ದರೆ ಈ ಪತ್ರವನ್ನು ನಾನು ನಮ್ಮ ಗರಡಿಮನೆಯಾದ ತಾಲೀಮಿನ ಬಾಗಿಲಿಗೆ ಅಂಟಿಸುತ್ತಿರಲಿಲ್ಲ. ಕಳೆದ ಭಾನುವಾರ ನಮ್ಮೂರ ಮೈದಾನದಲ್ಲಿ ಕೊನೆಯ ಜೋಡಿಯಾಗಿ ಕಬ್ಬೂರಿನ ಮಾಳಸಿದ್ದನಿಗೂ ನಮ್ಮ ತಾಲೀಮಿನಲ್ಲೇ ಬೆಳೆದ ಲಖನನಿಗೂ ಕುಸ್ತಿ ಬಿದ್ದಿತು. ಹಲಗಿ ಬಡಿಯುತ್ತಿತ್ತು, ಸಂಜೆಯಾಗಿ ದೊಡ್ಡ ದೀಪಗಳು ಹತ್ತಿದ್ದವು. ಲಖನ ಮಾಳಸಿದ್ದನನ್ನು ಕೆಡವಿ ಮೇಲೆ ಕುಳಿತ, ನಾನು ಮಣ್ಣಿಗೆ ಕೆನ್ನೆ ಹಚ್ಚಿ ಮಲಗಿದೆ. ಆಗ ತಾವು ಆ ಬಡಪಾಯಿಗೆ ನಾಲ್ಕು ಭುಜಗಳನ್ನು ದಯಪಾಲಿಸಿದಿರಿ. ನಾಲ್ಕರಲ್ಲಿ ಎರಡು ಮಣ್ಣಿಗೆ ಹತ್ತಿದ್ದವು. ನಾನು ಎದ್ದು 'ಚಿತ್' ಎಂದೆ, ಲಖನನ ಕೈ ಎತ್ತಿದೆ.

ಸೋತವನೂ ಪಂಚರ ಕಾಲಿಗೆರಗಿ ಹೋಗುವುದು ನಮ್ಮಲ್ಲಿಯ ರೂಢಿ. ಮಾಳಸಿದ್ದನೂ ಬಂದು ಬಾಗಿದ. ಆಶೀರ್ವಾದಕ್ಕೆಂದು ನಾನು ಅವನ ಎಡಭುಜದ ಹಿಂದೆ ಕೈಯಿಟ್ಟೆ. ಅಂಗೈಗೆ ಬೆವರು ಹತ್ತಿತು, ಮಣ್ಣು ಹತ್ತಲಿಲ್ಲ. ನಾನು ಎಣಿಸಿದ ಎರಡೂ ಅವನ ಬಲಭುಜವೇ, ಒಂದು ನಿಜದ್ದು, ಇನ್ನೊಂದು ತಾವು ಕೊಟ್ಟದ್ದು; ಎಡಭುಜಕ್ಕೆ ಮಣ್ಣೇ ಹತ್ತದ ಹುಡುಗನನ್ನು ನಾನು ಸೋಲಿಸಿದ್ದೆ. ಕಣ್ಣು ಹೇಳಬೇಕಾಗಿದ್ದನ್ನು ಕೈ ಹೇಳುವಷ್ಟರಲ್ಲಿ ಲಖನನನ್ನು ಹೆಗಲ ಮೇಲೆ ಹೊತ್ತು ಜನ ಕುಣಿಯುತ್ತಿದ್ದರು, ಮತ್ತು ನಾನು ಬಾಯಿ ಮುಚ್ಚಿಕೊಂಡು ನಿಂತೆ. ಅದಕ್ಕಾಗಿ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಮಾಳಸಿದ್ದನ ತಾಯಿ ಚನ್ನವ್ವ ಮಾತ್ರ ಬಾಯಿ ಮುಚ್ಚಿಕೊಳ್ಳಲಿಲ್ಲ. ಮರುದಿನ ನಡುಬಜಾರಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು. "ಅಣ್ಣಾರ, ಕಣ್ಣು ಛಲೋ ಆಗ್ಯಾವ ಅಂದ್ರು, ಸಂತೋಷ ಆತ್ರಿ. ಆದ್ರ ಅವಕ್ಕ ನಿಮ್ಮ ತಾಲೀಮಿನ ಹುಡುಗರಷ್ಟ ಕಾಣ್ತಾರೇನ್ರಿ?" ಸುತ್ತಲಿದ್ದವರು ನಕ್ಕರು. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಯಾರೋ ಹಿಂದಿನಿಂದ ಅಂದರು. ಕಣ್ಣು ಸರಿಯಿಲ್ಲ ತಾಯಿ ಎಂದು ನಾನು ಹೇಳುವಂತಿಲ್ಲ, ಏಕೆಂದರೆ ಏಕದಂ ಸಕ್ಸೆಸ್ ಎಂಬ ಡಾಕ್ಟರರ ಮಾತನ್ನು ಸಕ್ಕರೆಯ ಜೊತೆಗೆ ಊರಿಗೆಲ್ಲ ಹಂಚಿ ಬಂದವನು ನಾನೇ. ಹೀಗೆ ತಾವು ಚೆನ್ನಾಗಿದ್ದೀರಿ ಎಂದಾದರೆ ನಾನು ಕಳ್ಳ, ನಾನು ಪ್ರಾಮಾಣಿಕ ಎಂದಾದರೆ ನಾನು ಕುರುಡ. ಮೂರನೆಯ ದಾರಿಯನ್ನು ತಾವು ಉಳಿಸಿಲ್ಲ.

ಆದಕಾರಣ ತಮ್ಮಲ್ಲಿ ವಿನಂತಿ ಏನೆಂದರೆ, ಬರುವ ಭಾನುವಾರ ನಾನು ಪಂಚನಾಗಿ ಹೋಗಬೇಕಾಗಿರುವ ಕಬ್ಬೂರಿನ ಮೈದಾನಕ್ಕೆ ತಾವು ನನ್ನ ಕಣ್ಣಿನಿಂದ ಇಳಿದು ಬಂದು, ಮೈಕಿನ ಮುಂದೆ ನಿಂತು, ತಪ್ಪು ತಮ್ಮದೆಂದು ಕನ್ನಡದಲ್ಲೂ ಮರಾಠಿಯಲ್ಲೂ ಸ್ಪಷ್ಟವಾಗಿ ಹೇಳಬೇಕು. ಬರುವಾಗ ಮಾಳಸಿದ್ದನ ಹೆಚ್ಚುವರಿ ಎರಡು ಭುಜಗಳನ್ನು ವಾಪಸು ತೆಗೆದುಕೊಂಡು ಹೋಗಲು ಚೀಲ ತನ್ನಿ. ವಿದೇಶದವರಾದ ತಮಗೆ ನಮ್ಮ ಕಡೆಯ ಬಿಸಿಲು ಆಗದಿದ್ದರೆ ಕೊಡೆಯ ವ್ಯವಸ್ಥೆ ಮಾಡಿಸುತ್ತೇನೆ.

ತಾವು ಬರುವುದಿಲ್ಲವೆಂದು ನನಗೆ ಗೊತ್ತಿದೆ. ಆದ್ದರಿಂದ ಪಂಚರಿಗೆ ಮರ್ಯಾದೆಗೆಂದು ಸುತ್ತುವ ಪಟಕಾವನ್ನು ತಲೆಗೆ ಸುತ್ತಿಸಿಕೊಳ್ಳುವ ಮೊದಲೇ ನಾನು ಆ ಮೈಕು ಹಿಡಿಯುತ್ತೇನೆ. ಮಾಳಸಿದ್ದ ಬಿದ್ದಿರಲಿಲ್ಲ, ನನಗೆ ಕಾಣುವುದಿಲ್ಲ, ಇನ್ನು ಮುಂದೆ ನನ್ನನ್ನು ಪಂಚನೆಂದು ಕರೆಯಬೇಡಿ ಎಂದು ಹೇಳಿ, ಅವನ ಕೈ ಎತ್ತಿ, ಕಣದಿಂದ ಇಳಿಯುತ್ತೇನೆ. ಕಣ್ಣಿಟ್ಟು ನೋಡಿ ಗಳಿಸಿದ ಹೆಸರನ್ನು ಕುರುಡನೆಂದು ಸಾರಿ ಉಳಿಸಿಕೊಳ್ಳುವ ಕಾಲ ಬಂತು. ಆ ಹೊತ್ತಿನಲ್ಲಿ ಕಣ್ಣಲ್ಲಿ ನೀರು ಬಂದರೆ ಅದು ನನ್ನದು, ತಮಗೆ ಸಂಬಂಧಪಟ್ಟದ್ದಲ್ಲ.

ತಮ್ಮ ಬೆನ್ನ ಹಿಂದೆಯೇ ಕುಳಿತು ತಮ್ಮ ಮೂಲಕವೇ ಜಗತ್ತನ್ನು ನೋಡಬೇಕಾಗಿ ಬಂದಿರುವ, ಬೇರೆ ಗತಿಯಿಲ್ಲದ,
ತಮ್ಮ ವಿಶ್ವಾಸಿ,
ಬಾಪುಸಾಹೇಬ, ಅಕ್ಕೋಳ

ತಾ.ಕ.: ಎಡಗಣ್ಣಿಗೂ ತಮ್ಮ ತಮ್ಮನನ್ನು ಕೂರಿಸಿಕೊಳ್ಳಬೇಕೆಂದು ಆಸ್ಪತ್ರೆಯಿಂದ ಫೋನ್ ಬಂದಿತ್ತು. ಬೇಡವೆಂದೆ. ಆ ಕಣ್ಣಿಗೆ ಪೊರೆ ಬಂದಿರುವುದು ನಿಜ. ಆದರೆ ಕಾಣದಿದ್ದಾಗ ಅದು ಕಾಣುವುದಿಲ್ಲ ಎಂದೇ ಹೇಳುತ್ತದೆ.